ನಾಲ್ಕು ಬೆಲ್ಟು, ಒಂದು ಚಾವಿ

ಹುಮನಾಬಾದ ಬಸ್ ಸ್ಟ್ಯಾಂಡಿನ ಎದುರಿಗೆ ಮೂರು ವರ್ಷದ ಹಿಂದೆ ಒಂದು ಬ್ಯಾನರ್ ಕಟ್ಟಿದ್ದರು. ಅದರ ತುಂಬ ಒಂದು ಟಗರು. ಕೊರಳಿಗೆ ಚೆಂಡುಹೂವಿನ ಹಾರ, ಹಣೆಗೆ ಅರಿಶಿನದ ಭಂಡಾರ, ಕೊಂಬಿಗೆ ಹಸಿರು ಬಣ್ಣ, ಮುಖದ ಮೇಲೆ ಈಗಷ್ಟೇ ಚುನಾವಣೆ ಗೆದ್ದು ಬಂದವರ ಗಾಂಭೀರ್ಯ. ಅದರ ಹಗ್ಗ ಹಿಡಿದುಕೊಂಡು ಮೂಲೆಯಲ್ಲಿ ಒಬ್ಬ ಹೆಣ್ಣುಮಗಳು. ಕೆಳಗೆ ದಪ್ಪ ಅಕ್ಷರ: ‘48 ಕೆ.ಜಿ., 51 ಕೆ.ಜಿ., 54 ಕೆ.ಜಿ. ಮೂರು ತೂಕಗಳಲ್ಲಿ ವಿಶ್ವವಿಜಯ! ಹಾರ್ದಿಕ ಅಭಿನಂದನೆಗಳು.’ ಅದರ ಕೆಳಗೆ ಅಭಿನಂದಿಸಿದವರ ಹದಿನೇಳು ಫೋಟೋ, ಎಲ್ಲರ ಕೈಯಲ್ಲೂ ಮೊಬೈಲು.

ಇದನ್ನು ಬರೆಯುತ್ತಿರುವವನು ಕನ್ನಡಕ ಹಾಕಿಕೊಂಡೇ ಅದನ್ನು ಓದಿದ. ಓದಿ ಟಗರಿನ ಬಗ್ಗೆ ಅಭಿಮಾನಪಟ್ಟ. ನಮ್ಮ ಕಡೆ ಟಗರಿನ ಕಾಳಗ ಹೊಸದಲ್ಲ. ಟಗರು ವರ್ಷಕ್ಕೆ ಮೂರು ಕಿಲೋ ಬೆಳೆದಿದೆ, ಬೆಳೆದಂತೆಲ್ಲ ಗೆದ್ದಿದೆ, ಇದರಲ್ಲಿ ಅನುಮಾನ ಪಡುವಂಥದ್ದೇನು? ಪಕ್ಕದ ಕಬ್ಬಿನಹಾಲಿನ ಗಾಡಿಯ ಹತ್ತಿರ ಬ್ಯಾನರಿನ ಹೆಣ್ಣುಮಗಳೇ ನಿಂತಿದ್ದಳು. ನಿಂತಿದ್ದಳು ಅನ್ನುವುದು ಬಾಯಿಮಾತು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಜಿಗಿಯುತ್ತಲೇ ಇದ್ದಳು.

“ನಿಮ್ಮ ಟಗರು ಈಗ ಎಲ್ಲಿ ಅದವ್ವಾ? ಭಾರೀ ಹೆಸರು ಮಾಡ್ಯಾದಲ್ಲ!” ಅಂತ ಬರೆಯುವವನು ಒಂದು ಗ್ಲಾಸು ಕಬ್ಬಿನಹಾಲು ಹಿಡಿದುಕೊಂಡು ಕೇಳಿದ.

“ತಿಂದ್ವಿರಿ,” ಅಂದಳು.

ಗ್ಲಾಸು ತುಟಿಗೆ ಹೋಗುತ್ತಿದ್ದದ್ದು ಅಲ್ಲೇ ನಿಂತಿತು. “ವಿಶ್ವ ಗೆದ್ದ ಟಗರನ್ನ?”

“ಟಗರು ಬಹುಮಾನರಿ. ಗೆದ್ದಾಕಿ ನಾನು.”

ಅಷ್ಟು ಹೇಳಿ ಆಕೆ ಬಸವಕಲ್ಯಾಣದ ಬಸ್ಸು ಹತ್ತಿದಳು. ಅರ್ಧಕ್ಕರ್ಧ ಸೀಟು ಖಾಲಿ ಇದ್ದರೂ ನಿಂತುಕೊಂಡೇ ಹೋದಳು. ಆಕೆಯೇ ದೀಪಾಲಿ. ಇನ್ನು ಮುಂದಿನ ಕಥೆ ಅವಳದು. ಟಗರನ್ನು ಅಭಿನಂದಿಸಿದವನಿಗೆ ಇದರಲ್ಲಿ ಕೆಲಸವಿಲ್ಲ.

ದೀಪಾಲಿ ಬಸವಕಲ್ಯಾಣ ತಾಲೂಕಿನ ಕೊಹಿನೂರಿನವಳು. ಕುರಿ ಕಾಯುವ ಮನೆತನ. ಅಪ್ಪ ಪಂಡರಿ, ಅವ್ವ ಧೂಳಮ್ಮ ವರ್ಷದಲ್ಲಿ ಏಳೆಂಟು ತಿಂಗಳು ಹಿಂಡಿನ ಬೆನ್ನುಹತ್ತಿ ಹುಲಸೂರ ದಾಟಿ, ಗಡಿ ದಾಟಿ, ಮಹಾರಾಷ್ಟ್ರದವರ ಹೊಲದಲ್ಲಿ ಕುರಿ ನಿಲ್ಲಿಸುತ್ತ ತಿರುಗುವವರು. ಆ ಮನೆಯಲ್ಲಿ ಯಾರಾದರೂ ಸುಮ್ಮನೆ ಕೂತದ್ದು ಕಂಡರೆ “ಯಾಕ, ಆರಾಮಿಲ್ಲೇನು?” ಅಂತ ಹಣೆ ಮುಟ್ಟಿ ನೋಡುತ್ತಿದ್ದರು. ಹೀಗಾಗಿ ದೀಪಾಲಿಗೆ ಕೂಡುವ ವಿದ್ಯೆ ಬರಲೇ ಇಲ್ಲ. ಸಾಲಿಯಲ್ಲಿ ಬೆಂಚಿನ ಕೆಳಗೆ ಅವಳ ಕಾಲು ಕುಣಿಯುವ ಸಪ್ಪಳಕ್ಕೆ ಮಾಸ್ತರರು ಎರಡು ಸಲ ಇಲಿ ಹುಡುಕಿಸಿದ್ದರು.

ಕಾಲೇಜಿಗೆಂದು ಬಸವಕಲ್ಯಾಣಕ್ಕೆ ಬಂದಾಗ ಅವಳ ಹಾಸ್ಟೆಲ್ಲಿನ ಓಣಿಯ ತುದಿಗೆ ಹುಸೇನ ಉಸ್ತಾದನ ಪಂಚರ್ ಅಂಗಡಿ ಇತ್ತು. ಟೈರು, ಟ್ಯೂಬುಗಳ ನಡುವೆ ಗೂಟಕ್ಕೆ ನೇತುಬಿದ್ದ ಒಂದು ಜೊತೆ ಕೆಂಪು ಗ್ಲೌಸು. ಉಸ್ತಾದ ಮಿಲಿಟರಿಯಲ್ಲಿದ್ದಾಗ ಬಾಕ್ಸಿಂಗ್ ಆಡಿದವನು. ಊರಿಗೆ ಬಂದ ಮೇಲೆ ಅವನ ಮುಷ್ಟಿಗೆ ಸಿಕ್ಕದ್ದು ಬರೀ ಟ್ಯೂಬು. ಓಣಿಯಲ್ಲಿ ದಿನಾ ನಾಲ್ಕು ಸಲ ಓಡಿ ಹೋಗುವ, ಎಲ್ಲಿಗೂ ಹೋಗದೆ ತಿರುಗಿ ಓಡಿ ಬರುವ ಹುಡುಗಿಯನ್ನು ಒಂದು ವಾರ ನೋಡಿದ. ಎಂಟನೇ ದಿನ ಕರೆದ.

“ಬೇಟಾ, ಯಾರ ಬೆನ್ನು ಹತ್ತೀದಿ?”

“ಯಾರ್ದೂ ಇಲ್ಲ ಚಾಚಾ.”

“ಹಂಗಾರ ಇವು ಹಾಕ್ಕೊ. ಬೆನ್ನು ಹತ್ತಾಕ ಒಬ್ರನ್ನ ಕೊಡ್ತೀನಿ.”

ಉಸ್ತಾದನ ಪಾಠ ಒಂದೇ ಒಂದು. “ಕಾಲು ನಿಲ್ಲಬಾರ್ದು. ನಿಂತ ನೀರು ಕೊಳೀತದ, ನಿಂತ ಕಾಲು ಏಟು ತಿಂತದ.” ಬೇರೆ ಹುಡುಗರಿಗೆ ಇದನ್ನು ಕಲಿಸಲು ಅವನಿಗೆ ವರ್ಷ ಹಿಡಿಯುತ್ತಿತ್ತು. ದೀಪಾಲಿಗೆ ಕಲಿಸಬೇಕಾದದ್ದು ನಡುವೆ ನಡುವೆ ಹೊಡೆಯುವುದನ್ನಷ್ಟೇ.

ಊರಿಗೆ ಹೋದಾಗ ಅಪ್ಪ ಅವ್ವನಿಗೆ ಇದನ್ನೆಲ್ಲ ತಿಳಿಸಿ ಹೇಳುವ ಪ್ರಸಂಗ ಬಂತು. ನಲವತ್ತೆಂಟು ಕಿಲೋದವರು ಬೇರೆ, ಐವತ್ತೊಂದು ಕಿಲೋದವರು ಬೇರೆ, ಐವತ್ನಾಲ್ಕರವರು ಬೇರೆ ಅಂತ ಮಗಳು ಬಿಡಿಸಿ ಹೇಳುತ್ತಿದ್ದಂತೆ ಪಂಡರಿ ಕೈ ಎತ್ತಿ ತಡೆದ.

“ಸಾಕ್ ಬಿಡು, ತಿಳೀತು. ಟಗರಿಗೆ ಹಲ್ಲು ಇದ್ದಂಗ. ಹಾಲಹಲ್ಲಿನ ಮರಿಗೆ ಹಾಲಹಲ್ಲಿನ್ದೇ ಜೋಡಿ. ಎರಡಲ್ಲಿಗೆ ಎರಡಲ್ಲು, ನಾಕಲ್ಲಿಗೆ ನಾಕಲ್ಲು. ಆರಲ್ಲು ಬರ್ದ ಆರಲ್ಲಿನ ಕಣಕ್ಕ ಬಿಟ್ಕೊಳ್ಳಂಗಿಲ್ಲ. ಬರಾಬರ್ ಹೌದಲ್ಲೊ?”

“ಬರಾಬರ್ ಅಪ್ಪಾ.”

“ಈಗ ನೀ ಎಷ್ಟು ಹಲ್ಲು?”

“ಹಾಲಹಲ್ಲು.”

ಧೂಳಮ್ಮ ರೊಟ್ಟಿ ಬಡಿಯುತ್ತ ಇದನ್ನೆಲ್ಲ ಕೇಳಿಸಿಕೊಂಡಳು. ಹಲ್ಲು ಬರದೆ ಕಣಕ್ಕೆ ಬಿಡುವುದಿಲ್ಲ ಅನ್ನುವ ಮಾತನ್ನು ಮನಸ್ಸಿನ ಗಂಟಿಗೆ ಕಟ್ಟಿ ಇಟ್ಟುಕೊಂಡಳು. ಆ ಗಂಟು ಹತ್ತು ವರ್ಷದ ಮೇಲೆ ಬಿಚ್ಚಿಕೊಳ್ಳುತ್ತದೆಂದು ಆಗ ಯಾರಿಗೆ ಗೊತ್ತು?

ಇನ್ನು ವಿಶ್ವದ ವಿಚಾರ. ಹುಮನಾಬಾದಿನಲ್ಲಿ ಕಲ್ಲಿನಾಥ ಅಂತ ಒಬ್ಬ ಬ್ಯಾನರ್ ಪ್ರಿಂಟ್ ಮಾಡುವವನಿದ್ದಾನೆ. ಸ್ವಂತ ಮಶೀನು. ಬೇರೆಯವರ ಹುಟ್ಟುಹಬ್ಬ, ಬೇರೆಯವರ ಸನ್ಮಾನ ಅಂತ ಪ್ರಿಂಟ್ ಮಾಡಿ ಮಾಡಿ, ಒಂದು ದಿನ ಅವನಿಗೆ ತನ್ನದೂ ಒಂದು ಫೋಟೋ ನಡುವೆ ಬರಲಿ ಅನ್ನಿಸಿತು. ಅದಕ್ಕೊಂದು ಸಂಸ್ಥೆ ಬೇಕಲ್ಲ? ‘ಅಖಿಲ ವಿಶ್ವ ಮುಷ್ಟಿ ಮಹಾಮಂಡಳಿ, ಹುಮನಾಬಾದ’ ಹುಟ್ಟಿತು. ಬ್ಯಾನರ್ ಮೊದಲು, ಮಂಡಳಿ ಆಮೇಲೆ, ಸ್ಪರ್ಧಿಗಳು ಕಟ್ಟಕಡೆಗೆ. ಆ ವಿಶ್ವಕ್ಕೆ ಪೂರ್ವಕ್ಕೆ ಜಹೀರಾಬಾದ, ಪಶ್ಚಿಮಕ್ಕೆ ಸೋಲಾಪುರ, ಉತ್ತರಕ್ಕೆ ಲಾತೂರ, ದಕ್ಷಿಣಕ್ಕೆ ಕಲಬುರಗಿ ಗಡಿ. ಅದರಾಚೆ ಕಲ್ಲಿನಾಥನ ಲೆಕ್ಕದಲ್ಲಿ ಬರೀ ಸಮುದ್ರ.

ನಲವತ್ತೆಂಟು ಕಿಲೋದ ಬೆಲ್ಟನ್ನು ದೀಪಾಲಿ ಹುಮನಾಬಾದಿನ ಒಂದು ಮದುವೆ ಹಾಲಿನಲ್ಲಿ, ಹಿಂದಿನ ದಿನದ ಮದುಮಕ್ಕಳ ಹೆಸರು ಇನ್ನೂ ಗೋಡೆಯ ಮೇಲಿರುವಾಗ ಗೆದ್ದಳು. ಐವತ್ತೊಂದರಲ್ಲಿ ಊರಿನ ನೂಡಲ್ಸ್ ಗಾಡಿಯವನ ತಂಗಿ, ನೇಪಾಳದ ಹುಡುಗಿ, ಎದುರಾಳಿಯಾಗಿ ಬಂದಳು. ಕಲ್ಲಿನಾಥ ಆ ಸಂಜೆಯೇ ಬ್ಯಾನರಿನಲ್ಲಿ ‘ಅಂತರರಾಷ್ಟ್ರೀಯ’ ಅಂತ ಸೇರಿಸಿದ. ಸೇರಿಸಿದ್ದು ಸುಳ್ಳೇನಲ್ಲ. ಆ ಹುಡುಗಿಯ ಎಡಗೈ ಖರೇನೇ ಅಂತರರಾಷ್ಟ್ರೀಯ ಎಡಗೈ. ದೀಪಾಲಿಯ ಮೂಗು ಇವತ್ತಿಗೂ ಒಂದಿಷ್ಟು ನೇಪಾಳದ ಕಡೆಗೆ ವಾಲಿದೆ. ಆದರೂ ಗೆದ್ದಳು. ಐವತ್ನಾಲ್ಕು ನಡೆದದ್ದು ಮನ್ನಾಏಖೇಳ್ಳಿಯ ಹೆದ್ದಾರಿ ಪಕ್ಕದ ಗೋದಾಮಿನಲ್ಲಿ, ತೊಗರಿ ಚೀಲಗಳ ನಡುವೆ. ಬಹುಮಾನದ ಟಗರು ಅಲ್ಲಿಯದು.

ವಿಶ್ವದ ಅಳತೆ ದೀಪಾಲಿಗೆ ಗೊತ್ತಿತ್ತು. “ನಮ್ಮ ವಿಶ್ವ ಸುತ್ತಿ ಸಂಜೀ ಬಸ್ಸಿಗೆ ಮನೀಗೆ ಬರಬಹುದು,” ಅನ್ನುತ್ತಿದ್ದಳು. ಆದರೆ ಏಟು ಮಾತ್ರ ಯಾವ ಮಂಡಳಿಯದಾದರೂ ಏಟೇ. ಅದನ್ನು ಪ್ರಿಂಟ್ ಮಾಡಲು ಬರುವುದಿಲ್ಲ.

ಅವಳಿಗೆ ಬೇಕಾಗಿದ್ದದ್ದು ಬೆಲ್ಟಲ್ಲ. ಬಸವಕಲ್ಯಾಣದಲ್ಲಿ ಕೋಟೆಯ ಕಡೆ ಹೋಗುವ ಓಣಿಯಲ್ಲಿ ಒಂದು ಹಳೇ ತಾಲೀಮು, ಅಂದರೆ ಗರಡಿಮನೆ, ಇದೆ. ಕಲ್ಲಿನ ಗೋಡೆ, ಎತ್ತರದ ಸೂರು, ನೆಲಕ್ಕೆ ಕೆಮ್ಮಣ್ಣು. ಹಿಂದೆ ಅಲ್ಲಿ ಪೈಲವಾನರು ಕುಸ್ತಿ ಆಡುತ್ತಿದ್ದರು. ಪೈಲವಾನರು ಮುದುಕರಾಗಿ, ಮುದುಕರು ಹೋಗಿ, ಕಡೆಗೆ ಉಳಿದದ್ದು ತಾಲೀಮು ಕಮಿಟಿ. ಕಮಿಟಿಗೆ ಅಧ್ಯಕ್ಷ ಸೂರ್ಯಕಾಂತ. ಅವನದು ಶಾಮಿಯಾನದ ಧಂದೆ. ತಾಲೀಮಿನ ಒಳಗೆ ಈಗ ಇನ್ನೂರ ನಲವತ್ತು ಪ್ಲಾಸ್ಟಿಕ್ ಕುರ್ಚಿ, ಒಂದರ ಮೇಲೊಂದು, ಸೂರಿನ ತನಕ. ಬಾಗಿಲಿಗೆ ಬೀಗ. ಬೀಗದ ಚಾವಿ ಸೂರ್ಯಕಾಂತನ ಉಡದಾರದಲ್ಲಿ.

ದೀಪಾಲಿಯ ಹತ್ತಿರ ಹನ್ನೊಂದು ಹುಡುಗಿಯರು ಕಲಿಯುತ್ತಿದ್ದರು, ದನದ ಸಂತೆಯ ಬಯಲಿನಲ್ಲಿ. ಸಂತೆಯ ದಿನ ರಜೆ. ಸಂತೆಯ ಮರುದಿನ ಸಗಣಿ ಬಳಿದು ತೆಗೆಯುವುದೇ ವ್ಯಾಯಾಮ. ಬಯಲಿನ ಸುತ್ತ ಗಾಡಿ ನಿಲ್ಲಿಸಿಕೊಂಡು ನೋಡುವವರು, ಸಿಳ್ಳೆ ಹೊಡೆಯುವವರು ಬೇರೆ. ಹಿಂದಿನ ವರ್ಷ ಹದಿನೆಂಟು ಮಂದಿ ಇದ್ದರು. ಸಿಳ್ಳೆಗೆ ಅಂಜಿ ಏಳು ಮನೆಯವರು ಬಿಡಿಸಿದರು. ನಾಲ್ಕು ಗೋಡೆ, ಒಂದು ಬಾಗಿಲು ಸಿಗದಿದ್ದರೆ ಉಳಿದವರೂ ಹೋಗುತ್ತಾರೆ ಅನ್ನುವುದು ದೀಪಾಲಿಗೆ ಗೊತ್ತಿತ್ತು.

ಕಮಿಟಿಯ ಸಭೆಗೆ ಹೋಗಿ ಚಾವಿ ಕೇಳಿದಳು. ಸೂರ್ಯಕಾಂತ ಕುರ್ಚಿಗೆ ಒರಗಿದ.

“ನೋಡವ್ವಾ ದೀಪಾಲಿ, ಇದು ಹಿರೇರು ಬೆವರು ಹನಿಸಿದ ಜಾಗಾ. ಇದಕ್ಕೊಂದು ಇಜ್ಜತ್ ಅದ. ಹಂಗ ಯಾರ್ಯಾರಿಗೋ ಕೊಡಾಕ ಬರಂಗಿಲ್ಲ.”

“ಕುರ್ಚಿಗೆ ಕೊಟ್ಟೀರಲ್ಲ ಕಾಕಾ.”

ಸಭೆ ನಕ್ಕಿತು. ಸೂರ್ಯಕಾಂತನಿಗೆ ಸಿಟ್ಟು ಬಂತು; ಸಿಟ್ಟಿನಲ್ಲಿ ಉದಾರಿಯಾದ. “ಆತು! ಮೂರು ಬೆಲ್ಟ್ ಅವ ನಿನ್ನ ಹತ್ರ. ನಾಕನೇದು ತಾ, ಚಾವಿ ತಗೊ. ಬರಕೊಳ್ರಿ ಇದನ್ನ!” ಕಾರ್ಯದರ್ಶಿ ಬರೆದುಕೊಂಡ. ಇಪ್ಪತ್ತೊಂಬತ್ತು ವರ್ಷದವಳು, ಎರಡೂವರೆ ವರ್ಷದಿಂದ ಕಣಕ್ಕೆ ಇಳಿದಿಲ್ಲ, ಮತ್ತೆಲ್ಲಿ ಗೆಲ್ಲುತ್ತಾಳೆ ಅನ್ನುವುದು ಸೂರ್ಯಕಾಂತನ ಲೆಕ್ಕ.

ಆ ಮಾರ್ಚ್ ತಿಂಗಳಲ್ಲಿ ಕಲ್ಲಿನಾಥ, ಹುಮನಾಬಾದಿನ ಅದೇ ಮದುವೆ ಹಾಲಿನಲ್ಲಿ ನಡೆಯುವ ಐವತ್ತೇಳು ಕಿಲೋದ ವಿಶ್ವ ಸ್ಪರ್ಧೆಯ ಬ್ಯಾನರ್ ಹಾಕಿದ. ದೀಪಾಲಿಯ ತೂಕ ಆಗ ಅರವತ್ತು. ಎರಡು ತಿಂಗಳು ಇಳಿಸಿದಳು. ಅನ್ನ ಬಿಟ್ಟಳು, ಸಕ್ಕರೆ ಬಿಟ್ಟಳು, ಮದುವೆಗಳಿಗೆ ಹೋಗುವುದನ್ನೇ ಬಿಟ್ಟಳು. ಹಸಿವಿಗೆ ಕಾಲು ಮತ್ತಷ್ಟು ಕುಣಿಯತೊಡಗಿದವು. ಬಾಡಿಗೆ ಕೋಣೆಯ ಕೆಳಗಿನ ಮನೆಯವರು ‘ಮ್ಯಾಲ ಏನ್ ಕುಟ್ಟಾಕತ್ತೀರಿ?’ ಅಂತ ಕೇಳಿ ಹೋದರು.

ಸ್ಪರ್ಧೆಯ ಹಿಂದಿನ ದಿನ ಮಧ್ಯಾಹ್ನ ಧೂಳಮ್ಮ ಬಂದಳು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಬಗಲಲ್ಲಿ ಬುತ್ತಿ. ಹಿಂದಿನ ಮೂರು ಸಲವೂ ಹಿಂಡಿನ ಜೊತೆ ದೂರ ಇದ್ದವಳು. ಈ ಸಲ ಹಿಂಡನ್ನು ಪಂಡರಿಗೆ ಬಿಟ್ಟು, ಮಗಳ ಕಾಳಗ ನೋಡಲೇಬೇಕು ಅಂತ ಬಂದಿದ್ದಳು. ಬಂದವಳೇ ಬುತ್ತಿ ಇಟ್ಟು, ಮಗಳ ಸೊಂಟಕ್ಕೆ ಎರಡೂ ಕೈ ಹಾಕಿ, ನೆಲದಿಂದ ಒಂದು ಗೇಣು ಎತ್ತಿ ಇಳಿಸಿದಳು. ಕುರಿ ಮಾರುವವರ ಕೈ ಅದು. ಸಂತೆಯಲ್ಲಿ ಧೂಳಮ್ಮ ಎತ್ತಿ ಹೇಳಿದ ವಜನಿಗೂ ತೂಗುವ ಕಾಟಾ ಹೇಳುವ ವಜನಿಗೂ ಹಿಡಿ ಹುಲ್ಲಿನಷ್ಟೂ ಫರಕು ಬಂದದ್ದಿಲ್ಲ.

“ಐವತ್ತಾರೂವರಿ,” ಅಂದಳು. ಮುಖ ಸಣ್ಣದಾಯಿತು.

ದೀಪಾಲಿಗೆ ಖುಷಿಯಾಯಿತು. ಬೆಳಿಗ್ಗೆ ಔಷಧ ಅಂಗಡಿಯ ಮಶೀನೂ ಅಷ್ಟೇ ತೋರಿಸಿತ್ತು. ಅರ್ಧ ಕಿಲೋ ಮಿಕ್ಕಿದೆ. ಅವ್ವ ಬಡಿದು ತಂದ ಜೋಳದ ರೊಟ್ಟಿ, ಪುಂಡಿಪಲ್ಯ ಎದುರಿಗಿದೆ. ಎರಡು ತಿಂಗಳ ಹಸಿವು ಒಂದು ರೊಟ್ಟಿಗೆ ಅಪ್ಪಣೆ ಕೊಟ್ಟಿತು. ಪುಂಡಿಯ ಹುಳಿಗೆ ಬೇರೆ ಯಾವ ರುಚಿಯೂ ನಾಲಿಗೆಗೆ ಹತ್ತಲಿಲ್ಲ. ಧೂಳಮ್ಮ ಪಲ್ಯವನ್ನು ಮತ್ತೆ ಮತ್ತೆ ಬಡಿಸಿದಳು. ಮಡಕೆ ತುಂಬಿಸಿ ಮಗಳ ಹಾಸಿಗೆಯ ಹತ್ತಿರವೇ ಇಟ್ಟಳು. ನೀರು ಕುಡಿ ಅಂತ ಒಂದು ಸಲವೂ ಹೇಳಲಿಲ್ಲ.

ಬೆಳಗಾಗುವುದರೊಳಗೆ ದೀಪಾಲಿ ಐದು ಸಲ ಎದ್ದಳು. ಪ್ರತಿ ಸಲವೂ ‘ಒಂದೇ ಗುಟುಕು’. ಬೆಳಿಗ್ಗೆ ಮಡಕೆ ಓರೆ ಮಾಡಿದರೆ ತಳದ ನೀರು ಅಲುಗಾಡಿತು. ಅಷ್ಟರಲ್ಲಿ ಧೂಳಮ್ಮ ಬಂದು ಮತ್ತೆ ಎತ್ತಿ ಇಳಿಸಿದಳು. ಈ ಸಲ ಮುಖ ಅರಳಿತ್ತು.

“ಐವತ್ತೆಂಟು! ಶಾಬಾಸ್ ನನ ಮಗಳ. ಇನ್ನ ಯಾವನ ಕಾಟಾಕ್ಕೂ ಅಂಜಬ್ಯಾಡ.”

“ಅವ್ವಾ,” ದೀಪಾಲಿಯ ದನಿ ತಣ್ಣಗಿತ್ತು, “ಏನ್ ಮಾಡಿದಿ?”

“ಏನ್ ಮಾಡ್ತಾರ? ನಿನ್ನಿ ಅರ್ಧ ಕಿಲೋ ಕಮ್ಮಿ ಇದ್ದಿ. ಐವತ್ತೇಳು ಅಂತ ಊರ ತುಂಬ ಬ್ಯಾನರ್ ಹಾಕ್ಯಾರ. ಮಂದಿ ಮುಂದ ಕಾಟಾ ಹತ್ತಿ ಕಮ್ಮಿ ಬಿದ್ರ ಕಣಕ್ಕ ಬಿಡ್ತಾರೇನು? ನಿಮ್ಮಪ್ಪ ಅವತ್ತೇ ಹೇಳಿಲ್ಲೇನು, ಹಲ್ಲು ಬರ್ದ ಬಿಡಂಗಿಲ್ಲ ಅಂತ? ಸಂತೀ ಹಿಂದಿನ ದಿನ ಕುರಿಗೆ ಮಾಡಿದ್ದೇ ಮಾಡೀನಿ. ಉಪ್ಪು.”

“ಪುಂಡಿಪಲ್ಯದಾಗ?”

“ಎರಡು ಹಿಡಿ. ಉಪ್ಪು ತಿಂದದ್ದು ನೀರು ಹುಡುಕ್ಕೊಂಡು ತಾನೇ ಹೋಗ್ತದ. ಕುಡೀ ಅನ್ನೂದು ಬೇಕಾಗಂಗಿಲ್ಲ.”

ದೀಪಾಲಿ ಕೂತಳು. ಎಷ್ಟೋ ವರ್ಷದಲ್ಲಿ ಮೊದಲ ಸಲ ಅವಳ ಕಾಲು ಸುಮ್ಮನಾದದ್ದು ನೋಡಿ ಧೂಳಮ್ಮನಿಗೆ ಭಯವಾಯಿತು. ಹಣೆ ಮುಟ್ಟಿದಳು.

“ಅದು ಮ್ಯಾಲಿನ ಗೆರಿ ಅವ್ವಾ. ಐವತ್ತೇಳು ಮುಟ್ಟಬೇಕಂತಿಲ್ಲ. ದಾಟಬಾರ್ದು. ಹನ್ನೊಂದಕ್ಕ ಕಾಟಾ. ಒಂದು ಕಿಲೋ ಜಾಸ್ತಿ ಇದ್ರ ಮನೀಗೆ ಕಳಸ್ತಾರ. ಚಾವಿ ಹೋತು.”

ಅತ್ತರೆ ಹೊತ್ತು ಹೋಗುತ್ತದೆ ಅನ್ನುವುದು ಕುರಿ ಕಾಯುವವರಿಗೆ ಗೊತ್ತಿರುತ್ತದೆ. ಧೂಳಮ್ಮ ಕಂಬಳಿ ಜಾಡಿಸಿ ಎದ್ದಳು.

“ಏಳು. ಕುರಿಗೆ ವಜನ ಏರಸಾಕ ಬರೂದಾದ್ರ ಇಳಸಾಕೂ ಬರ್ತದ. ಸಂತೀಗೆ ಗಾಡ್ಯಾಗ ಒಯ್ದ್ರ ಇದ್ದಷ್ಟೇ ಇರ್ತದ. ನಡಸ್ಕೊಂಡು ಹೋದ್ರ ದಾರ್ಯಾಗ ಕಿಲೋಗಟ್ಟಲೆ ಇಳೀತದ. ಅದಕ್ಕೇ ಶಾಣ್ಯಾ ಇದ್ದವರು ನಡಸಂಗಿಲ್ಲ. ನಡಿ, ಇವತ್ತ ನಾವು ದಡ್ಡರಾಗೂಣು.”

ಹುಸೇನ ಉಸ್ತಾದನಿಗೆ ಫೋನು ಹೋಯಿತು. ಅವ್ವ ಮಗಳು ಬಸ್ಸು ಹತ್ತಿ, ‘ಹುಮನಾಬಾದ 8’ ಅನ್ನುವ ಕಲ್ಲಿನ ಹತ್ತಿರ ಕಂಡಕ್ಟರನ ಬೈಗುಳ ತಿಂದು ಇಳಿದರು. ಹಿಂದಿನಿಂದ ಉಸ್ತಾದ ತನ್ನ ಹಳೇ ಲೂನಾ ಮೇಲೆ ಬಂದ. ಆಗ ಎಂಟೂವರೆ. ಬೀದರ ಜಿಲ್ಲೆಯ ಮೇ ತಿಂಗಳ ಬಿಸಿಲಿಗೆ ಎಂಟೂವರೆ ಅಂದರೆ ಮಧ್ಯಾಹ್ನವೇ. ದೀಪಾಲಿಯ ಮೈತುಂಬ ಕರೀ ಕಂಬಳಿ ಸುತ್ತಿ, ಸೊಂಟಕ್ಕೆ ಹಗ್ಗ ಬಿಗಿದು ಧೂಳಮ್ಮ ಲೂನಾದ ಹಿಂದಿನ ಸೀಟಿಗೆ ಹತ್ತಿದಳು. ಕೋಲು ಕೈಯಲ್ಲೇ ಇತ್ತು.

“ಹುರ್ರ್ಯಾ! ಹಚ್ಚಾ!”

ಹೆದ್ದಾರಿಯ ಮೇಲೆ ಮುಂದೆ ಒಂದು ಕಂಬಳಿ ಓಡುತ್ತಿದೆ, ಹಿಂದೆ ಲೂನಾ, ಲೂನಾದ ಮೇಲೆ ಬಿಳೀ ಗಡ್ಡದವನೊಬ್ಬ, ಅವನ ಹಿಂದೆ ಕೋಲು ಬೀಸುವ ಹೆಂಗಸೊಬ್ಬಳು. ಲಾರಿಯವರು ಹಾರ್ನು ಹೊಡೆಯುವುದನ್ನು ಮರೆತರು. ಎರಡನೇ ಕಲ್ಲಿನ ಹತ್ತಿರ ಒಂದು ಬಿಳೀ ಕಾರು ಅಡ್ಡ ನಿಂತಿತು. ಖಾದಿಯ ಅಂಗಿ ತೊಟ್ಟ ಒಬ್ಬರು ಇಳಿದು ಗಂಟಲು ಸರಿಮಾಡಿಕೊಂಡರು.

“ಏನಮ್ಮಾ, ಸೊಸೀನ ಹಿಂಗ ಹೊಡಕೊಂಡು ಹೋಗಾಕತ್ತೀರಲ್ಲ, ಕಾನೂನು ಕಾಯ್ದೆ ಏನರೆ ಅದನೋ ಇಲ್ಲೋ?”

“ಸೊಸಿ ಅಲ್ರಿ, ಮಗಳು. ಸೊಸಿ ಆಗಿದ್ರ ನಾ ಹೇಳ್ದಂಗ ಓಡ್ತಿದ್ಲೇನು?”

“ಮಗಳು? ಎಲ್ಲಿಗೆ ಒಯ್ಯಾಕತ್ತೀರಿ?”

“ಕಾಟಾಕ್ಕ.”

ಅವರು ಗಾಬರಿಬಿದ್ದು ಮೊಬೈಲು ತೆಗೆದರು. ಕಂಬಳಿಯೊಳಗಿಂದ ದೀಪಾಲಿ, “ಕಾರು ತೆಗೀರಿ, ನಾ ನಿಂತ್ರ ಬೆವರು ನಿಲ್ತದ!” ಅಂತ ಕೂಗಿ ಕಾರಿನ ಸುತ್ತ ಹಾದು ಓಡಿದಳು. ಆ ವಿಡಿಯೋ ಆಮೇಲೆ ಎರಡು ದಿನ ‘ಹೆದ್ದಾರಿಯಲ್ಲಿ ಅಮಾನವೀಯತೆ’ ಅಂತ ಮೊಬೈಲಿನಿಂದ ಮೊಬೈಲಿಗೆ ತಿರುಗಾಡಿತು.

ಪ್ರತಿ ಕಲ್ಲಿಗೂ ಲೂನಾ ನಿಲ್ಲುತ್ತಿತ್ತು. ಧೂಳಮ್ಮ ಇಳಿದು, ಕಂಬಳಿ ತೆಗೆದು, ಎತ್ತಿ, ಇಳಿಸಿ, ಹೇಳುತ್ತಿದ್ದಳು. “ಮುಕ್ಕಾಲ ಕಿಲೋ ಅದ ಇನ್ನ.” ಮತ್ತೆ ಕಂಬಳಿ. “ಅರ್ಧ.” ಮತ್ತೆ ಕಂಬಳಿ. ದೀಪಾಲಿಯ ಬಾಯಿ ಒಣಗಿ ನಾಲಿಗೆ ಚರ್ಮದಂತಾಗಿತ್ತು. ಬಾಟಲಿ ಉಸ್ತಾದನ ಚೀಲದಲ್ಲೇ ಕುಲುಕುತ್ತಿತ್ತು. “ಉಸ್ತಾದ್, ಒಂದು ಹನಿ.” “ಕಾಟಾ ಇಳಿದ ಮ್ಯಾಲ ಪೂರಾ ಬಾಟ್ಲಿ ಬೇಟಾ. ಈಗ ಕಾಲು, ಬರೀ ಕಾಲು.” ಊರು ಹತ್ತಿರವಾದಂತೆ ಅವಳು ಎಣಿಸುತ್ತಿದ್ದದ್ದು ಕಲ್ಲುಗಳನ್ನಲ್ಲ, ಹುಡುಗಿಯರನ್ನು. ಹನ್ನೊಂದು. ನಿಂತರೆ ಹತ್ತು. ಮತ್ತೊಮ್ಮೆ ನಿಂತರೆ ಒಂಬತ್ತು.

ಮದುವೆ ಹಾಲಿನ ಬಾಗಿಲಲ್ಲಿ ಧೂಳಮ್ಮ ಕೊನೆಯ ಸಲ ಎತ್ತಿದಳು. ಹುಬ್ಬು ಗಂಟಿಕ್ಕಿದಳು. “ಒಂದು ಕೋಳಿಮರಿಯಷ್ಟು ಜಾಸ್ತಿ ಅದ.”

ಒಳಗೆ ಕಲ್ಲಿನಾಥ ಕಾಟಾವನ್ನು ವೇದಿಕೆಯ ನಡುವೆ ಇಟ್ಟು, ಕೆಂಪು ಬಟ್ಟೆ ಹಾಸಿ, ಮೇಲೆ ತನ್ನ ಎಂಟು ಅಡಿ ಫೋಟೋ ಕಟ್ಟಿಸಿದ್ದ. ದೀಪಾಲಿ ಕಾಟಾ ಹತ್ತಿದ್ದೇ ತಡ, ಅವನು ಶಾಲು ಹೊದಿಸಿ, ಪೇಟ ಇಟ್ಟು, ಮೊಣಕಾಲು ಮುಟ್ಟುವ ಚೆಂಡುಹೂವಿನ ಹಾರ ಹಾಕಿ, ಕ್ಯಾಮರಾದ ಕಡೆ ತಿರುಗಿ ನಕ್ಕ. ಕಾಟಾ ಐವತ್ತೊಂಬತ್ತು ತೋರಿಸಿತು.

“ಅಯ್ಯೋ ತಂಗಿ, ಎರಡು ಕಿಲೋ ಜಾಸ್ತಿ!”

“ನಿಮ್ಮ ಸನ್ಮಾನ ಇಳಸ್ರಿ ಅಣ್ಣಾರ,” ಅಂದಳು ದೀಪಾಲಿ.

ಸನ್ಮಾನ ಇಳಿಯಿತು. ಐವತ್ತೇಳು ಕಿಲೋ ನೂರು ಗ್ರಾಮು. ಕೋಳಿಮರಿ ಅಲ್ಲೇ ಇತ್ತು.

ಎದುರಾಳಿ ಶೀತಲ, ಲಾತೂರಿನ ನರ್ಸಿಂಗ್ ಓದುವ ಹುಡುಗಿ, ಇಪ್ಪತ್ತೆರಡು ವರ್ಷ, ಐವತ್ತಾರೂವರೆಗೆ ಇಳಿದು ಬಾಳೆಹಣ್ಣು ತಿನ್ನುತ್ತ ಕೂತಿದ್ದಳು. ಅವಳ ಮಾಮಾ ಎದ್ದು ನಿಂತ. “ರೂಲ್ ಅಂದ್ರ ರೂಲ್. ಹಾಕ್ರಿ ಹೊರಗ.”

ಉಸ್ತಾದ ಮಹಾಮಂಡಳಿಯ ನಿಯಮಾವಳಿ ತೆರೆದ. ಕಲ್ಲಿನಾಥನೇ ಪ್ರಿಂಟ್ ಮಾಡಿದ ಬಣ್ಣದ ಪುಸ್ತಕ. ಮೂರನೇ ಪುಟದಲ್ಲಿತ್ತು: ಅಧ್ಯಕ್ಷರ ಭಾಷಣ ಮುಗಿಯುವ ತನಕ ತೂಕದ ಪಟ್ಟಿ ತೆರೆದಿರತಕ್ಕದ್ದು. ಭಾಷಣದ ಹೊತ್ತಿಗೆ ಯಾರೂ ಎದ್ದು ಹೋಗಬಾರದೆಂದು ಕಲ್ಲಿನಾಥ ತಾನೇ ಹಾಕಿದ ನಿಯಮ ಅದು.

“ಭಾಷಣ ಇನ್ನ ಆಗಿಲ್ಲಲ್ರಿ?” ಅಂದ ಉಸ್ತಾದ.

ಕಲ್ಲಿನಾಥ ಆಗಲೇ ಮೈಕಿನ ಮುಂದಿದ್ದ. “ಪ್ರಾರಂಭದಲ್ಲಿ ನಾನು ವಿಶ್ವದ ಉಗಮದಿಂದ…”

ದೀಪಾಲಿಗೆ ಆ ಮನುಷ್ಯನ ಮೇಲೆ ಮೊದಲ ಸಲ ಭಕ್ತಿ ಹುಟ್ಟಿತು. ಧೂಳಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಉಂಡೆ ಹುಣಸೆಹಣ್ಣು ಮಗಳ ಬಾಯಿಗೆ ಹಾಕಿದಳು. “ನುಂಗಬ್ಯಾಡ. ಚೀಪು, ಉಗುಳು.” ಒಣಗಿದ ಬಾಯಿಗೂ ಹುಣಸೆ ಕಂಡರೆ ನೀರು ಬರುತ್ತದೆ. ದೀಪಾಲಿ ಹಾಲಿನೊಳಗೆ ಕಡೆಯ ಸಾಲಿನ ಹಿಂದೆ ನಿಂತಲ್ಲೇ ಜಿಗಿಯುತ್ತ, ಕೈಯಲ್ಲಿ ಪ್ಲಾಸ್ಟಿಕ್ ಬಕೆಟ್ ಹಿಡಿದು, ಉಗುಳತೊಡಗಿದಳು. ಕಲ್ಲಿನಾಥ ತನ್ನ ಬಾಲ್ಯಕ್ಕೆ ಬಂದ, ಥೂ. ಬ್ಯಾನರ್ ಮಶೀನು ಕೊಂಡದ್ದಕ್ಕೆ ಬಂದ, ಥೂ. ವಿಶ್ವಶಾಂತಿಗೆ ಬಂದ, ಥೂ. ಹಿಂದಿನ ಸಾಲಿನವರು ಇವಳು ತಮ್ಮೆಲ್ಲರ ಪರವಾಗಿ ಉಗುಳುತ್ತಿದ್ದಾಳೆಂದು ತಿಳಿದು ಚಪ್ಪಾಳೆ ಹೊಡೆದರು. ಚಪ್ಪಾಳೆ ತನಗೆಂದು ತಿಳಿದು ಕಲ್ಲಿನಾಥ ಇನ್ನೂ ಹತ್ತು ನಿಮಿಷ ಮುಂದುವರಿಸಿದ. ಒಟ್ಟು ನಲವತ್ತೆಂಟು ನಿಮಿಷ. ಅವನ ಜನ್ಮದಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದ ಭಾಷಣ ಅದೊಂದೇ.

‘ಇಷ್ಟು ಹೇಳಿ’ ಅನ್ನುವ ಮಾತು ಕಿವಿಗೆ ಬಿದ್ದ ಕೂಡಲೇ ದೀಪಾಲಿ ಓಡಿ ಕಾಟಾ ಹತ್ತಿದಳು. ಅಂಕಿಗಳು ಒಂದಿಷ್ಟು ಹೊಯ್ದಾಡಿ ನಿಂತವು. ಐವತ್ತೇಳಕ್ಕೆ ಹತ್ತು ಗ್ರಾಮು ಕಮ್ಮಿ. ಉಸ್ತಾದ ಬಾಟಲಿ ಬಿಚ್ಚಿದ.

ನಾಲ್ಕು ಗಂಟೆಗೆ ಕಾಳಗ. ನೀರು ಹೊಟ್ಟೆಗೆ ಹೋಗಿದ್ದರೂ ಕಾಲಿಗೆ ಇನ್ನೂ ಇಳಿದಿರಲಿಲ್ಲ. ಮೊದಲ ಸುತ್ತಿನಲ್ಲಿ ದೀಪಾಲಿ ಹಳೇ ಚಾಳಿಯ ಬಲದ ಮೇಲೆ ಕುಣಿದಳು, ಎಡಕ್ಕೊಂದು ಬಲಕ್ಕೊಂದು ಮುಟ್ಟಿಸಿದಳು. ಎರಡನೆಯದರಲ್ಲಿ ಶೀತಲ ಹೊಟ್ಟೆಗೆ ಎರಡು ಕೊಟ್ಟಳು, ನೆಟ್ಟಗೆ. ಮೂರನೆಯದರ ನಡುವಿಗೆ ದೀಪಾಲಿಯ ಕಾಲು ನಿಂತವು. ಮನಸ್ಸು ಹೇಳುತ್ತಿದೆ, ಕಾಲು ಕೇಳುತ್ತಿಲ್ಲ. ಉಸ್ತಾದ “ಕಾಲು! ಕಾಲು!” ಅಂತ ಕೂಗಿದ್ದು ಬಹಳ ದೂರದಿಂದ ಬಂದಂತಿತ್ತು. ಶೀತಲಳ ಬಲಗೈ ಹಿಂದಕ್ಕೆ ಹೋಯಿತು.

“ಹುರ್ರ್ಯಾ! ಹಚ್ಚಾ!”

ಇಪ್ಪತ್ತೊಂಬತ್ತು ವರ್ಷದಿಂದ ಮೈಯಲ್ಲಿ ಕೂತ ದನಿ. ಮನಸ್ಸನ್ನು ಕೇಳದೆ ಕಾಲು ತಾವೇ ಬದಿಗೆ ಜಿಗಿದವು. ಶೀತಲಳ ಏಟು ಗಾಳಿಗೆ ಬಿತ್ತು. ಗಾಳಿಯ ಹಿಂದೆಯೇ ಅವಳೂ ಮುಂದೆ ಬಂದಳು. ಬಂದ ಗದ್ದಕ್ಕೆ ದೀಪಾಲಿಯ ಎಡಗೈ ಸಿಕ್ಕಿತು. ಉಳಿದ ನಲವತ್ತು ಸೆಕೆಂಡು ಧೂಳಮ್ಮ ಕೂಗುತ್ತಲೇ ಇದ್ದಳು, ಮಗಳು ಸುತ್ತುತ್ತಲೇ ಇದ್ದಳು.

ಮೂವರು ಜಡ್ಜುಗಳಲ್ಲಿ ಇಬ್ಬರು ದೀಪಾಲಿಗೆ ಕೊಟ್ಟರು. ಮೂರನೆಯವನು ಶೀತಲಳ ಮಾಮಾ. ಅವನು ಸೊಸೆಗೆ ಕೊಟ್ಟ. ಕೊಡದಿದ್ದರೆ ಮನೆಯಲ್ಲಿ ಊಟ ಸಿಗುತ್ತಿರಲಿಲ್ಲ, ಯಾರೂ ತಪ್ಪು ತಿಳಿಯಲಿಲ್ಲ. ಶೀತಲ ಬಂದು ಅಪ್ಪಿಕೊಂಡು, “ಅಕ್ಕಾ, ನಿಮ್ಮ ಆಯೀ ಜಬರದಸ್ತ್ ಆಹೆ,” ಅಂತ ಧೂಳಮ್ಮನ ಕಡೆ ನೋಡಿ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಹೇಳಿ ನಕ್ಕಳು.

ಕಮಿಟಿಯ ಸಭೆಯಲ್ಲಿ ಬರೆದುಕೊಂಡದ್ದನ್ನು ಅಳಿಸಲು ಬರುವುದಿಲ್ಲ. ಸೂರ್ಯಕಾಂತ ಮೂರು ದಿನ ಯೋಚಿಸಿ, ಕಡೆಗೆ ಸೋಲನ್ನು ಸಮಾರಂಭ ಮಾಡುವುದೇ ವಾಸಿ ಅಂದುಕೊಂಡ. ಭಾನುವಾರ ತಾಲೀಮಿನ ಮುಂದೆ ಶಾಮಿಯಾನ ಏರಿತು. ಒಳಗಿನ ಕುರ್ಚಿಗಳಲ್ಲಿ ನೂರು ಹೊರಗೆ ಬಂದವು. ಉಳಿದವು ಬಾಗಿಲಿನೊಳಗೆ ಸೂರಿನ ತನಕ ಹಾಗೇ ನಿಂತು ಕಾರ್ಯಕ್ರಮ ನೋಡಿದವು. ಗಣ್ಯರು ಬಂದು ಕೂತರು. ಹನ್ನೊಂದು ಹುಡುಗಿಯರು ಗೋಡೆಗೆ ಒರಗಿ ನಿಂತರು. ಅವರಿಗೆ ಕುರ್ಚಿ ಸಾಲಲಿಲ್ಲ.

ಸೂರ್ಯಕಾಂತ ದೀಪಾಲಿಯ ಕೈಗೆ ಮೂರು ಅಡಿ ಉದ್ದದ, ಬಂಗಾರದ ಕಾಗದ ಅಂಟಿಸಿದ ಥರ್ಮಕೋಲಿನ ಚಾವಿ ಕೊಟ್ಟ. ಕ್ಯಾಮರಾಗಳು ಮಿಂಚಿದವು. ಖರೇ ಚಾವಿ ಅವನ ಉಡದಾರದಲ್ಲೇ ಇತ್ತು. ಅವನು ಬಾಗಿದಾಗ ಕಿಣಿಕಿಣಿ ಅಂದದ್ದು ದೀಪಾಲಿಗೆ ಕೇಳಿಸಿತು. ಮೈಕಿನಲ್ಲಿ ಯಾರೋ ಮೆಲ್ಲಗೆ ‘ಕಾರ್ಯಕ್ರಮ ಆದ ಮ್ಯಾಲ ಕುರ್ಚಿ ಒಳಗ ಇಡ್ರಿ, ನಾಳಿ ಹುಲಸೂರದಾಗ ಮದುವಿ ಅದ’ ಅಂದದ್ದೂ ಕೇಳಿಸಿತು. ಅವಳ ಹಿಮ್ಮಡಿ ಏಳತೊಡಗಿತು, ಇಳಿಯತೊಡಗಿತು.

ಆಮೇಲೆ ಸಂವಾದ ಅಂತ ಇತ್ತು. ಗಣ್ಯರ ನಡುವಿನಿಂದ ಸೂರ್ಯಕಾಂತನೇ ಮೊದಲ ಪ್ರಶ್ನೆ ಕೇಳಿದ, ಕಾಲ ಮೇಲೆ ಕಾಲು ಹಾಕಿ, ತಾನು ಬಹಳ ಆಳವಾದದ್ದನ್ನು ಕೇಳುತ್ತಿದ್ದೇನೆ ಅನ್ನುವ ಮುಖದಲ್ಲಿ.

“ನಲವತ್ತೆಂಟು ಗೆದ್ದಿ, ಐವತ್ತೊಂದು ಗೆದ್ದಿ, ಐವತ್ನಾಕು, ಐವತ್ತೇಳು ಗೆದ್ದಿ. ಖರೇ ಹೇಳವ್ವಾ, ಇದರಾಗ ಯಾವ ವಜನ ಭಾಳ ಭಾರ ಅನ್ನಿಸ್ತು?”

ದೀಪಾಲಿ ಥರ್ಮಕೋಲಿನ ಚಾವಿಯನ್ನು ಅವ್ವನ ಕೈಗೆ ಕೊಟ್ಟು, ಅವನ ಮುಂದೆ ಅಂಗೈ ಚಾಚಿದಳು.

“ನೀವು ಕೂತ ಕುರ್ಚೀದು ಕಾಕಾ. ಏಳ್ರಿ.”